ಅಳೆಯುವವನ ಹೊಣೆ

ಮಾರುವವನಿಗೂ ಕೊಳ್ಳುವವನಿಗೂ ನಡುವೆ ಇರಬೇಕಾದ ಸತ್ಯವು ಎಲ್ಲ ಸರಕುಗಳಲ್ಲಿಯೂ ಒಂದೇ ಬಗೆಯದಾಗಿರುವುದಿಲ್ಲ. ಮಹಾಲಿಂಗಪುರದ ಬೆಲ್ಲದ ಪೇಟೆಗೆ ಬಂದ ವ್ಯಾಪಾರಿಯು ಬೆಲ್ಲವನ್ನು ಮುರಿದು ನೋಡಿ, ಬಣ್ಣವನ್ನು ಪರೀಕ್ಷಿಸಿ, ಒಂದು ಚೂರನ್ನು ನಾಲಗೆಯ ಮೇಲಿಟ್ಟುಕೊಂಡು ಬೆಲೆ ಕಟ್ಟುತ್ತಾನೆ. ಬನಹಟ್ಟಿಯ ಸೀರೆಯನ್ನು ಕೊಳ್ಳುವ ಗೃಹಿಣಿಯು ಸೆರಗನ್ನು ಬೆಳಕಿಗೆ ಹಿಡಿದು ಹಾಸು ಹೊಕ್ಕುಗಳ ಒತ್ತನ್ನು ಕಣ್ಣಿನಿಂದಲೇ ತೂಗುತ್ತಾಳೆ. ಮೊದಲ ಒಗೆತಕ್ಕೆ ಬಣ್ಣ ಬಿಟ್ಟರೆ ಮರುವಾರವೇ ಅಂಗಡಿಯ ಮುಂದೆ ನಿಂತು ಕೇಳುತ್ತಾಳೆ. ಇಲ್ಲಿ ಮೋಸಕ್ಕೆ ಅವಕಾಶವೇ ಇಲ್ಲವೆಂದಲ್ಲ. ಮೋಸವನ್ನು ಹಿಡಿಯುವ ಸಾಧನವು ಕೊಳ್ಳುವವರ ಕಣ್ಣಿನಲ್ಲಿಯೇ, ಕೈಯಲ್ಲಿಯೇ ಇದೆ ಎಂಬುದಷ್ಟೇ ಮುಖ್ಯ. ಆದುದರಿಂದ ನೇಕಾರನ ಪ್ರಾಮಾಣಿಕತೆಗೆ ಅವನ ಅಂತಃಕರಣವಲ್ಲದೆ ಗಿರಾಕಿಯ ಕಣ್ಣೂ ಒಂದು ಕಾವಲಾಗಿರುತ್ತದೆ.

ಈಗ ಇನ್ನೊಂದು ಸರಕನ್ನು ನೋಡೋಣ. ಕೃಷ್ಣೆ ಘಟಪ್ರಭೆಯರ ನೀರುಂಡು ಕಬ್ಬು ಬೆಳೆಯುವ ಜಮಖಂಡಿ, ಮುಧೋಳ, ಬೀಳಗಿಗಳ ಸೀಮೆಯಲ್ಲಿ ರೈತನೊಬ್ಬನು ಆರೋಗ್ಯ ಕೇಂದ್ರಕ್ಕೆ ಹೋಗಿ ಬೆರಳು ಚುಚ್ಚಿಸಿಕೊಂಡನೆನ್ನಿರಿ. ಒಂದು ಹನಿ ರಕ್ತವನ್ನು ಕಿರಿದಾದ ಪಟ್ಟಿಯೊಂದು ಹೀರಿಕೊಂಡಿತು. ಅಂಗೈಯಗಲದ ಯಂತ್ರದಲ್ಲಿ 212 ಎಂಬ ಅಂಕಿ ಮೂಡಿತು. ಆ ಅಂಕಿಯಿಂದ ಅವನ ಊಟ ಬದಲಾಗುತ್ತದೆ, ನಿತ್ಯದ ಗುಳಿಗೆ ಗಂಟು ಬೀಳುತ್ತದೆ, ಮನೆಯವರ ಮುಖದಲ್ಲಿ ಚಿಂತೆ ಹುಟ್ಟುತ್ತದೆ. ಅಥವಾ 112 ಎಂದು ಮೂಡಿತೆನ್ನಿರಿ; ಅವನು ನಿಶ್ಚಿಂತನಾಗಿ ಮನೆಗೆ ಮರಳುತ್ತಾನೆ. ಎರಡರಲ್ಲಿ ಯಾವುದು ನಿಜವೆಂದು ಅರಿಯಲು ಅವನಲ್ಲಿ ಯಾವ ಉಪಾಯವಿದೆ? ಬೆಲ್ಲದಂತೆ ಮುರಿದು ನೋಡುವ ಹಾಗಿಲ್ಲ. ಸೆರಗಿನಂತೆ ಬೆಳಕಿಗೆ ಹಿಡಿಯುವ ಹಾಗಿಲ್ಲ. ತನ್ನ ದೇಹದ ಒಳಗನ್ನು ನೋಡಲು ಆ ಯಂತ್ರವೇ ಅವನ ಕಣ್ಣು. ಕಣ್ಣೇ ಸುಳ್ಳು ಹೇಳಿದರೆ ಆ ಸುಳ್ಳನ್ನು ನೋಡುವುದಕ್ಕೆ ಇನ್ನೊಂದು ಕಣ್ಣು ಎಲ್ಲಿಯದು? ಇದು ಕೆಲವರ ಸಂಗತಿಯೂ ಅಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಸುಮಾರು 10 ಕೋಟಿ 10 ಲಕ್ಷ.

ಹೀಗಿರಲು, ಇಂಥ ಸಾಧನವನ್ನು ಕಂಡುಹಿಡಿಯುವವರ ಧರ್ಮವೇನು? ತನ್ನ ಮಾತನ್ನು ಪರೀಕ್ಷಿಸಲಾರದವನ ಮುಂದೆ ನಿಂತವನು ಎಷ್ಟರಮಟ್ಟಿಗೆ ಸತ್ಯವಂತನಾಗಿರಬೇಕು? ಪ್ರಶ್ನೆಯು ಹೊಸದಾಗಿ ಕಂಡರೂ ಅದರ ಬೇರು ಹಳೆಯದು.

ರೋಗಿಯ ಮೂತ್ರದಲ್ಲಿ ಸಿಹಿಯಿರುವುದನ್ನು ನಮ್ಮ ಪ್ರಾಚೀನ ವೈದ್ಯರು ಬಲ್ಲವರಾಗಿದ್ದರು. ಮಧುಮೇಹವೆಂಬ ಹೆಸರೇ ಅದಕ್ಕೆ ಸಾಕ್ಷಿ. ಇಂಗ್ಲೆಂಡಿನ ಥಾಮಸ್ ವಿಲಿಸ್ ಎಂಬ ವೈದ್ಯನು 1674ರಲ್ಲಿ ಆ ಸಿಹಿಯನ್ನು ರುಚಿಯಿಂದ ಅರಿತು ಬರೆದಿಟ್ಟನು. ಬೆಲ್ಲದ ವ್ಯಾಪಾರಿಯ ಪರೀಕ್ಷೆಯೇ ಅಂದಿನ ವೈದ್ಯನ ಪರೀಕ್ಷೆಯೂ ಆಗಿತ್ತು! ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ಸ್ಟ್ಯಾನ್ಲಿ ಬೆನೆಡಿಕ್ಟನು ತಾಮ್ರದ ಉಪ್ಪಿನ ನೀಲಿ ದ್ರಾವಣವೊಂದನ್ನು ಸಿದ್ಧಪಡಿಸಿದ ಮೇಲೆ ನಾಲಗೆಯ ಕೆಲಸ ತಪ್ಪಿತು. ಕೊಳವೆಯಲ್ಲಿ ಆ ದ್ರಾವಣಕ್ಕೆ ಕೆಲವು ಹನಿ ಮೂತ್ರವನ್ನು ಹಾಕಿ ಕುದಿಸಿದರೆ, ಸಕ್ಕರೆಯ ಪ್ರಮಾಣಕ್ಕೆ ತಕ್ಕಂತೆ ನೀಲಿಯು ಹಸಿರಾಗಿ, ಹಳದಿಯಾಗಿ, ಕೊನೆಗೆ ಇಟ್ಟಿಗೆಯ ಕೆಂಪಿಗೆ ತಿರುಗುತ್ತಿತ್ತು. ಶಾಲೆಯ ಪ್ರಯೋಗಶಾಲೆಯಲ್ಲಿ ಇದನ್ನು ಮಾಡಿ ನೋಡಿದವರು ಇಂದಿಗೂ ಅನೇಕರಿದ್ದಾರೆ.

ಈ ಪರೀಕ್ಷೆಯಲ್ಲಿ ಒಂದು ದೋಷವಿತ್ತು. ತಾಮ್ರವು ಗ್ಲುಕೋಸನ್ನು ಮಾತ್ರ ಗುರುತಿಸುತ್ತಿರಲಿಲ್ಲ. ಅದೇ ಗುಣವುಳ್ಳ ಬೇರೆ ಸಕ್ಕರೆಗಳನ್ನು ಕಂಡರೂ ಬಣ್ಣ ಬದಲಿಸುತ್ತಿತ್ತು. ಬಾಣಂತಿಯ ಮೂತ್ರದಲ್ಲಿ ಎದೆಹಾಲಿನ ಸಕ್ಕರೆಯು ಬರುವುದು ಸಹಜವಾದ ಸಂಗತಿ. ಅವಳಿಗೆ ಯಾವ ರೋಗವೂ ಇಲ್ಲ. ಆದರೂ ಕೊಳವೆಯು ಕೆಂಪಾದರೆ ಅವಳು ರೋಗಿಯೆಂದು ಎಣಿಸಲ್ಪಡುವ ಸಂಭವವಿತ್ತು. ಇಲ್ಲಿ ಯಾರೂ ಬೇಕೆಂದು ಸುಳ್ಳು ಹೇಳಲಿಲ್ಲ. ಸಾಧನದ ಅರಿವು ಕಿರಿದಾಗಿತ್ತು, ಅಷ್ಟೇ. ಆದರೆ ಆ ಕಿರಿದಾದ ಅರಿವಿನ ಫಲವನ್ನು ಉಣ್ಣಬೇಕಾದವಳು ಬಾಣಂತಿ.

ಆ ಅರಿವನ್ನು ಹಿರಿದುಗೊಳಿಸಿದ ಕೆಲಸದಲ್ಲಿ ಹೆಲೆನ್ ಫ್ರೀ ಎಂಬ ಮಹಿಳೆಯ ಹೆಸರು ಮುಖ್ಯವಾಗಿ ಬರುತ್ತದೆ. 1923ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಹುಟ್ಟಿದ ಈಕೆ ಇಂಗ್ಲಿಷ್, ಲ್ಯಾಟಿನ್ ಭಾಷೆಗಳ ಶಿಕ್ಷಕಿಯಾಗಬೇಕೆಂದು ಕಾಲೇಜು ಸೇರಿದವಳು. 1941ರ ಕೊನೆಯಲ್ಲಿ ಆ ದೇಶವು ಯುದ್ಧಕ್ಕಿಳಿದು ತರುಣರು ಸೈನ್ಯಕ್ಕೆ ಹೊರಟುಹೋಗಲು, ವಿಜ್ಞಾನದ ತರಗತಿಗಳು ಬರಿದಾದವು. ವಿದ್ಯಾರ್ಥಿನಿಯರು ವಿಜ್ಞಾನಕ್ಕೆ ಬರಬೇಕೆಂಬ ಹಿರಿಯರ ಮಾತಿನಂತೆ ಈಕೆ ರಸಾಯನಶಾಸ್ತ್ರಕ್ಕೆ ತಿರುಗಿದಳು. 1944ರಲ್ಲಿ ಪದವಿ ಪಡೆದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪಟ್ಟಣದ ಮೈಲ್ಸ್ ಎಂಬ ಔಷಧ ಸಂಸ್ಥೆಯನ್ನು ಸೇರಿದಾಗ ಅವಳಿಗೆ ದೊರೆತ ಕೆಲಸ ಸಾಮಾನ್ಯವಾದದ್ದು: ಜೀವಸತ್ವಗಳ ಗುಣಮಟ್ಟವನ್ನು ಪರೀಕ್ಷಿಸುವುದು. ಆಮೇಲೆ ಆಲ್ಫ್ರೆಡ್ ಫ್ರೀಯವರ ಸಂಶೋಧನಾ ವಿಭಾಗಕ್ಕೆ ಬಂದಳು. 1947ರಲ್ಲಿ ಇಬ್ಬರೂ ಮದುವೆಯಾದರು. ಮುಂದಿನ ದಶಕಗಳಲ್ಲಿ ದಂಪತಿಗಳ ಸಂಸಾರವೂ ಸಂಶೋಧನೆಯೂ ಜೊತೆಯಾಗಿಯೇ ನಡೆದವು.

ಆ ಸಂಸ್ಥೆಯು 1941ರಲ್ಲಿಯೇ ಕೊಳವೆಯನ್ನು ಬೆಂಕಿಯ ಮೇಲೆ ಹಿಡಿಯದೆ ಪರೀಕ್ಷಿಸುವ ಗುಳಿಗೆಯೊಂದನ್ನು ಹೊರತಂದಿತ್ತು. ನೀರಿಗೆ ಬಿದ್ದ ಗುಳಿಗೆ ತಾನೇ ಕುದಿಯುತ್ತಿತ್ತು. ಆದರೆ ಒಳಗಿನದು ಅದೇ ತಾಮ್ರ, ಅದೇ ದೋಷ. ಫ್ರೀ ದಂಪತಿಗಳ ತಂಡವು ದಾರಿಯನ್ನೇ ಬದಲಿಸಿತು. ಗ್ಲುಕೋಸನ್ನು ಮಾತ್ರ ಬಲ್ಲ, ಹಾಲಿನ ಸಕ್ಕರೆಯನ್ನು ಕಂಡರೂ ಕಾಣದಂತಿರುವ ಕಿಣ್ವವೊಂದುಂಟು. ಅದು ಗ್ಲುಕೋಸಿನೊಡನೆ ಸೇರಿದಾಗ ಹೈಡ್ರೊಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಎರಡನೆಯ ಕಿಣ್ವವು ಆ ಪೆರಾಕ್ಸೈಡಿನಿಂದ ಬಣ್ಣವಿಲ್ಲದ ರಾಸಾಯನಿಕವೊಂದನ್ನು ನೀಲಿಯಾಗಿಸುತ್ತದೆ. ಈ ಮೂರನ್ನೂ ಸೋಸುವ ಕಾಗದದ ತುದಿಗೆ ಹೀರಿಸಿ ಒಣಗಿಸಿದರು. 1956ರಲ್ಲಿ ಕ್ಲಿನಿಸ್ಟಿಕ್ಸ್ ಎಂಬ ಹೆಸರಿನಲ್ಲಿ ಅದು ಹೊರಬಂದಿತು. ಅದ್ದಿ ತೆಗೆದು ಬಣ್ಣ ನೋಡಿದರಾಯಿತು. ಕೊಳವೆ ಬೇಡ, ಬೆಂಕಿ ಬೇಡ. ಮುಂದೆ ಇದೇ ತತ್ತ್ವದ ಮೇಲೆ ಸಸಾರಜನಕ, ಕೀಟೋನ್ ಮೊದಲಾದವುಗಳ ಪರೀಕ್ಷೆಗಳು ಕೂಡಿ, ಒಂದೇ ಕಡ್ಡಿಯ ಮೇಲೆ ಹತ್ತು ಪರೀಕ್ಷೆಗಳು ನಿಂತವು. ಹೆಲೆನ್ ಫ್ರೀ 1993ರಲ್ಲಿ ಅಮೆರಿಕದ ರಸಾಯನಶಾಸ್ತ್ರಜ್ಞರ ಸಂಘದ ಅಧ್ಯಕ್ಷಳಾದಳು. ತನ್ನ 98ನೆಯ ವಯಸ್ಸಿನಲ್ಲಿ, 2021ರಲ್ಲಿ, ತೀರಿಕೊಂಡಳು.

ಈ ಜೀವನದಲ್ಲಿ ಗಮನಿಸತಕ್ಕದ್ದು ಪದಕ ಪದವಿಗಳಲ್ಲ. ಒಂದು ಕಾಗದದ ತುದಿಯು ಯಾವುದನ್ನು ಬಲ್ಲೆನೆಂದು ಹೇಳಿತೋ ಅದನ್ನೇ ಬಲ್ಲದ್ದಾಗಿರಬೇಕೆಂಬ ಹಟವೇ ಆ ಸಂಶೋಧನೆಯ ತಿರುಳು. ಹಾಗೆಂದು ಆ ಪಟ್ಟಿಯು ಸರ್ವಜ್ಞವಾಗಲಿಲ್ಲ. ರಕ್ತದಲ್ಲಿಯ ಸಕ್ಕರೆಯು ನೂರು ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಮನ್ನು ದಾಟುವವರೆಗೆ ಸಾಮಾನ್ಯವಾಗಿ ಅದು ಮೂತ್ರಕ್ಕೆ ಇಳಿಯುವುದಿಲ್ಲ. ಹಾಗಾಗಿ ಪಟ್ಟಿಯು ನೀಲಿಯಾಗಲಿಲ್ಲವೆಂದರೆ ಮೂತ್ರದಲ್ಲಿ ಸಕ್ಕರೆಯಿಲ್ಲವೆಂದು ಅರ್ಥವೇ ಹೊರತು ರೋಗವೇ ಇಲ್ಲವೆಂದಲ್ಲ. ಸಿ ಜೀವಸತ್ವವು ಮೂತ್ರದಲ್ಲಿ ಬಹಳವಾಗಿದ್ದರೆ ಬಣ್ಣವು ಮೂಡದೆಯೇ ಹೋಗಬಹುದು. ಡಬ್ಬಿಯ ಜೊತೆಗಿರುವ ಕಾಗದದಲ್ಲಿ ಇಂಥ ಮಿತಿಗಳನ್ನು ಮುದ್ರಿಸುವ ರೂಢಿಯಿದೆ. ಸರಕು ಮಾರುವವನು ಸರಕಿನ ಕೊರತೆಯನ್ನು ತಾನೇ ಬರೆದು ಕೊಡುವುದು ಪೇಟೆಯ ನೀತಿಗೆ ವಿಚಿತ್ರವಾಗಿ ಕಾಣಬಹುದು. ಪರೀಕ್ಷಿಸಲಾರದವನಿಗೆ ಕೊಡುವ ಸರಕಿನಲ್ಲಿ ಮಾತ್ರ ಆ ಬರವಣಿಗೆಯೂ ಸರಕಿನ ಅಂಗವೇ ಆಗಿದೆ.

ದೂರದ ದೇಶದ ಈ ಕಥೆಗೆ ನಮ್ಮ ನಾಡಿನಲ್ಲಿಯೂ ಮುಂದುವರಿಕೆಯುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ನವಕಾಂತ ಭಟ್ಟರು ಮೂಲತಃ ಇಲೆಕ್ಟ್ರಾನಿಕ್ಸ್ ವಿಭಾಗದವರು; ಮೈಸೂರಿನಲ್ಲಿ ಇಂಜಿನಿಯರಿಂಗ್ ಓದಿದವರು. ಅವರೂ ಅವರ ಶಿಷ್ಯ ವಿನಯ ಕುಮಾರರೂ ರಸಾಯನಶಾಸ್ತ್ರವನ್ನು ವಿದ್ಯುತ್ತಿನೊಡನೆ ಕೂಡಿಸಿ, ಬಣ್ಣದ ಬದಲು ವಿದ್ಯುತ್ಪ್ರವಾಹವನ್ನು ಅಳೆಯುವ ಪಟ್ಟಿಗಳನ್ನು ರೂಪಿಸಿದರು. 2015ರಲ್ಲಿ ಆ ಸಂಸ್ಥೆಯ ಆಶ್ರಯದಲ್ಲಿಯೇ ಪಾಥ್‌ಶೋಧ್ ಎಂಬ ಕಂಪನಿ ಹುಟ್ಟಿತು. ಅದರ ಅನುಪಾಥ್ ಎಂಬ ಕೈಯಂತ್ರವು ಸಕ್ಕರೆಯೊಂದನ್ನೇ ಅಲ್ಲದೆ ಹಿಮೊಗ್ಲೋಬಿನ್, ಅದಕ್ಕೆ ಅಂಟಿದ ಸಕ್ಕರೆ, ಆಲ್ಬುಮಿನ್, ಮೂತ್ರಪಿಂಡದ ಸ್ಥಿತಿಯನ್ನು ಹೇಳುವ ಕ್ರಿಯಾಟಿನಿನ್ ಮೊದಲಾದವುಗಳನ್ನು ಅಳೆಯುತ್ತದೆ. ಭಟ್ಟರಿಗೆ 2018ರ ಇನ್ಫೋಸಿಸ್ ಪ್ರಶಸ್ತಿ ಸಂದಿತು.

ಇಷ್ಟೊಂದು ಅಳತೆಗಳು ಏತಕ್ಕೆ ಎಂದು ಕೇಳಬಹುದು. ಹಿಮೊಗ್ಲೋಬಿನಿಗೆ ಅಂಟಿದ ಸಕ್ಕರೆಯು ಹಿಂದಿನ ಎರಡು ಮೂರು ತಿಂಗಳ ಸ್ಥಿತಿಯನ್ನು ತಿಳಿಸುತ್ತದೆ. ಪರೀಕ್ಷೆಯ ಹಿಂದಿನ ದಿನ ಪಥ್ಯ ಮಾಡಿ ವೈದ್ಯರ ಕಣ್ಣು ತಪ್ಪಿಸುವ ಜಾಣತನ ಇದರ ಮುಂದೆ ನಡೆಯದು. ಆದರೆ ರೋಗಿಗೆ ರಕ್ತಹೀನತೆಯಿದ್ದರೆ ಈ ಅಂಕಿಯೇ ನಿಜಕ್ಕಿಂತ ಹೆಚ್ಚಾಗಿಯೋ ಕಡಿಮೆಯಾಗಿಯೋ ತೋರಬಹುದು. ರಕ್ತಹೀನತೆ ನಮ್ಮ ಹೆಣ್ಣುಮಕ್ಕಳಲ್ಲಿ ಅಪರೂಪವಾದದ್ದೇನಲ್ಲ. ಅಂಥಲ್ಲಿ ಹಿಮೊಗ್ಲೋಬಿನನ್ನೂ ನೋಡಬೇಕು, ಆಲ್ಬುಮಿನಿಗೆ ಅಂಟಿದ ಸಕ್ಕರೆಯಿಂದ ಇನ್ನೊಂದು ಸಾಕ್ಷಿಯನ್ನೂ ಪಡೆಯಬೇಕು. ತಾಮ್ರದ ಕೊಳವೆ ಬಾಣಂತಿಗೆ ಮಾಡಿದ ಅನ್ಯಾಯವು ಬೇರೊಂದು ರೂಪದಲ್ಲಿ ಮರಳದಂತೆ ನೋಡಿಕೊಳ್ಳುವ ಕೆಲಸವಿದು.

ಇದಕ್ಕೆ ಪ್ರತಿಯಾಗಿ ನಿಲ್ಲುವ ಕಥೆಯೂ ಒಂದುಂಟು. 2003ರಲ್ಲಿ ಎಲಿಜಬೆತ್ ಹೋಮ್ಸ್ ಎಂಬ ಹತ್ತೊಂಬತ್ತರ ತರುಣಿಯು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಓದನ್ನು ಬಿಟ್ಟು, ಮುಂದೆ ಥೆರಾನೋಸ್ ಎಂದು ಹೆಸರಾದ ಕಂಪನಿಯನ್ನು ಕಟ್ಟಿದಳು. ಬೆರಳ ತುದಿಯ ಕೆಲವೇ ಹನಿ ರಕ್ತದಿಂದ ನೂರಾರು ಪರೀಕ್ಷೆಗಳನ್ನು ಮಾಡಬಹುದೆಂಬುದು ಅವಳ ಘೋಷಣೆ. ಕಂಪನಿಯ ಬೆಲೆ ಸುಮಾರು 900 ಕೋಟಿ ಡಾಲರಿಗೆ ಏರಿತು. ವಾಸ್ತವದಲ್ಲಿ ಅವಳ ಯಂತ್ರವು ಕೆಲವೇ ಪರೀಕ್ಷೆಗಳನ್ನು ಮಾಡುತ್ತಿತ್ತು, ಅವನ್ನೂ ನಂಬುವಂತಿರಲಿಲ್ಲ. ಉಳಿದವುಗಳನ್ನು ಬೇರೆ ಕಂಪನಿಗಳ ಯಂತ್ರಗಳಲ್ಲಿ ಗುಟ್ಟಾಗಿ ಮಾಡಲಾಗುತ್ತಿತ್ತು. ಗರ್ಭಿಣಿಯೊಬ್ಬಳಿಗೆ ಗರ್ಭವು ಉಳಿಯಲಿಲ್ಲವೆಂಬ ಅರ್ಥ ಬರುವ ಅಂಕಿಯನ್ನು ಕೊಡಲಾಯಿತು. ಗರ್ಭವು ಸುಸ್ಥಿತಿಯಲ್ಲಿತ್ತು, ಅವಳು ಮಗುವನ್ನು ಹೆತ್ತಳು. ಪ್ರಯೋಗಶಾಲೆಯಲ್ಲಿ ಕೆಲಸಕ್ಕಿದ್ದ ಎರಿಕಾ ಚಂಗ್ ಎಂಬ ಎಳೆಯ ವಯಸ್ಸಿನ ಪದವೀಧರೆಯು ಯಂತ್ರವು ತಪ್ಪುತ್ತಿರುವುದನ್ನು ಕಂಡು ಹೇಳಿ, ಕೇಳುವವರಿಲ್ಲದೆ ಕೆಲಸ ಬಿಟ್ಟು, 2015ರಲ್ಲಿ ಸರಕಾರದ ನಿಯಂತ್ರಣಾಧಿಕಾರಿಗಳಿಗೆ ಪತ್ರ ಬರೆದಳು. 2016ರಲ್ಲಿ ಕಂಪನಿಯು ತನ್ನ ಯಂತ್ರವು ಎರಡು ವರ್ಷಗಳಲ್ಲಿ ಕೊಟ್ಟ ಫಲಿತಾಂಶಗಳನ್ನೆಲ್ಲ ರದ್ದುಗೊಳಿಸಿತು. 2018ರಲ್ಲಿ ಅದು ಮುಚ್ಚಿಹೋಯಿತು.

2022ರ ಜನವರಿಯಲ್ಲಿ ಬಂದ ತೀರ್ಪು ಇಡೀ ಪ್ರಕರಣದಲ್ಲಿ ಹೆಚ್ಚು ಯೋಚನೆಗೆ ಹಚ್ಚುವ ಭಾಗ. ಹಣ ಹೂಡಿದವರನ್ನು ವಂಚಿಸಿದ ನಾಲ್ಕು ಆಪಾದನೆಗಳಲ್ಲಿ ಹೋಮ್ಸ್ ತಪ್ಪಿತಸ್ಥಳೆಂದು ನ್ಯಾಯದರ್ಶಿಗಳು ಹೇಳಿದರು. ಹನ್ನೊಂದು ವರ್ಷಗಳಿಗೂ ಮೀರಿದ ಸೆರೆವಾಸವನ್ನು ವಿಧಿಸಲಾಯಿತು. ರೋಗಿಗಳನ್ನು ವಂಚಿಸಿದಳೆಂಬ ಆಪಾದನೆಗಳಲ್ಲಿ ಮಾತ್ರ ಅವಳು ನಿರ್ದೋಷಿಯೆನಿಸಿದಳು. ಹಣ ಹೂಡಿದವರೊಡನೆ ಅವಳು ನೇರವಾಗಿ ಮಾತಾಡಿದ್ದಳು, ರೋಗಿಗಳೊಡನೆ ಮಾತಾಡಿರಲಿಲ್ಲ. ಸಾಕ್ಷ್ಯದ ದೃಷ್ಟಿಯಿಂದ ಈ ವ್ಯತ್ಯಾಸಕ್ಕೆ ಬಲವಿರಬಹುದು. ಆದರೆ ನೀತಿಯ ತಕ್ಕಡಿಯಲ್ಲಿ ಇದನ್ನು ತೂಗುವುದು ಹೇಗೆ? ಹಣ ಕೊಟ್ಟವನಿಗೆ ಲೆಕ್ಕಪತ್ರ ಕೇಳುವ ಬಲವಿತ್ತು, ವಕೀಲರಿದ್ದರು. ರಕ್ತ ಕೊಟ್ಟವಳಿಗೆ ಏನೂ ಇರಲಿಲ್ಲ. ಯಂತ್ರವು ಹೇಳಿದ್ದೇ ಅವಳಿಗೆ ನಿಜ. ನೇರವಾಗಿ ಮಾತಾಡದೆ ಅಂಕಿಯ ಮೂಲಕವೇ ಮಾತಾಡುವುದು ಈ ವೃತ್ತಿಯ ಸ್ವಭಾವ. ಹಾಗಿರುವಲ್ಲಿ, ಅವಳಿಗೆ ತಾನೇನೂ ಹೇಳಲಿಲ್ಲವೆಂಬುದು ಉತ್ತರವಾಗಲಾರದು.

ಹೋಮ್ಸ್ ತನ್ನ ಕನಸನ್ನು ನಂಬಿದ್ದಳು, ಇಂದಲ್ಲ ನಾಳೆ ಯಂತ್ರವು ಸಿದ್ಧಿಸುತ್ತಿತ್ತು ಎನ್ನುವವರಿದ್ದಾರೆ. ನಂಬಿರಬಹುದು. ಹೆಲೆನ್ ಫ್ರೀಗೂ ಸಂಕಲ್ಪವಿತ್ತು. ಪಟ್ಟಿ ಸಿದ್ಧವಾದ ಮೇಲೆ ಅದು ಪೇಟೆಗೆ ಬಂದಿತು. ನಾಳೆಯ ಸಿದ್ಧಿಯನ್ನು ಇಂದಿನ ವರದಿಯಲ್ಲಿ ಬರೆದವಳ ಸಂಕಲ್ಪವು ಎಷ್ಟು ಉಜ್ವಲವಾಗಿದ್ದರೂ, ಆ ವರದಿಯನ್ನು ಹಿಡಿದ ಗರ್ಭಿಣಿಗೆ ಅದರಿಂದ ಆಗುವುದೇನು?

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಯಾವ ಯಂತ್ರವೂ ಪೂರ್ಣ ಸತ್ಯವನ್ನು ಹೇಳುವುದಿಲ್ಲ. ಎಲ್ಲರೂ ಸ್ವಲ್ಪ ತಪ್ಪುವವರೇ ಆದ ಮೇಲೆ ಒಬ್ಬರನ್ನು ಸತ್ಯವಂತರೆಂದೂ ಇನ್ನೊಬ್ಬರನ್ನು ವಂಚಕರೆಂದೂ ಕರೆಯುವುದು ಯಾವ ನ್ಯಾಯ? ಮನೆಯಲ್ಲಿ ಬಳಸುವ ರಕ್ತದ ಸಕ್ಕರೆಯ ಯಂತ್ರಗಳಿಗೆ 2013ರ ಅಂತರರಾಷ್ಟ್ರೀಯ ಮಾನದಂಡವು ಒಂದು ಮಿತಿಯನ್ನು ಹಾಕಿದೆ: ಸಕ್ಕರೆಯು 100 ಮಿಲಿಗ್ರಾಮಿಗೆ ಕಡಿಮೆಯಿಲ್ಲದಲ್ಲಿ, ನೂರಕ್ಕೆ 95 ಅಳತೆಗಳು ನಿಜವಾದ ಪ್ರಮಾಣದಿಂದ ಶೇಕಡಾ 15ರೊಳಗೆ ಇರಬೇಕು. ಎಂದರೆ ನಿಜವು 200 ಆಗಿದ್ದಾಗ ಯಂತ್ರವು 170 ಎಂದರೂ 230 ಎಂದರೂ ನಿಯಮದೊಳಗೇ ಇದೆ. ಇಪ್ಪತ್ತರಲ್ಲಿ ಒಂದು ಅಳತೆ ಇದಕ್ಕೂ ಆಚೆ ಹೋಗಬಹುದು. ತಪ್ಪು ಎಷ್ಟೆಂದು ಮೊದಲೇ ಅಳೆದು, ಒರೆಗೆ ಹಚ್ಚಿ, ಹೊರಗಿನವರಿಗೆ ತೋರಿಸಿ ಸಾರಿದ್ದರೆ ಅದು ಸಾಧನದ ಮಿತಿ. ಅದೇ ತಪ್ಪನ್ನು ಬಚ್ಚಿಟ್ಟು ಮಾರಿದರೆ ಸುಳ್ಳು. ಎರಡೂ ಕಡೆ ಅಂಕಿಯು ಒಂದೇ ಆಗಿರಬಹುದು. ರೈತನು ಎರಡನೆಯ ಸಲ ಪರೀಕ್ಷಿಸಿಕೊಳ್ಳಬೇಕೋ ಬೇಡವೋ ಎಂಬ ತಿಳಿವಳಿಕೆ ಮೊದಲನೆಯ ಕಡೆ ಮಾತ್ರ ದೊರೆಯುತ್ತದೆ.

ಶರಣರು ಸತ್ಯಶುದ್ಧ ಕಾಯಕವೆಂದು ಕರೆದುದನ್ನು ಇಲ್ಲಿ ನೆನೆಯುವುದು ಅಪ್ರಸ್ತುತವಾಗದು. ಶರಣರ ಸಮೂಹದಲ್ಲಿ ವೈದ್ಯ ಸಂಗಣ್ಣನಂಥ ವೃತ್ತಿವೈದ್ಯನೂ ಇದ್ದನು. ಆದರೆ ಈ ಪ್ರಶ್ನೆಗೆ ಹೆಚ್ಚು ಹತ್ತಿರವಾದುದು ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಗಂಡ ಮಾರಯ್ಯನ ಕಾಯಕ. ಒಂದು ದಿನ ಅವನು ಅಗತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನು ಅದನ್ನು ಹಿಂದಕ್ಕೆ ಕಳಿಸಿದಳೆಂಬುದು ಪ್ರಸಿದ್ಧವಾಗಿದೆ. ಈ ಕಥೆಯನ್ನು ನಿರಾಸೆಯ, ಎಂದರೆ ಆಸೆಯಿಲ್ಲದಿರುವಿಕೆಯ, ದೃಷ್ಟಾಂತವಾಗಿ ಹೇಳುವುದು ವಾಡಿಕೆ. ಅದರಲ್ಲಿ ಅಳತೆಯ ಪಾಠವೂ ಇದೆ. ಚೆಲ್ಲಿದ ಕಾಳಿಗೆ ಲೆಕ್ಕವಿಟ್ಟವರಾರು? ಹೆಚ್ಚು ತಂದುದನ್ನು ಹಿಡಿಯುವ ಹೊರಗಿನ ಕಣ್ಣು ಒಂದೂ ಇರಲಿಲ್ಲ. ಯಾರೂ ಅಳೆಯಲಾರದಲ್ಲಿ ಅವಳ ಕೈಯೇ ಅಳತೆಯಾಯಿತು. ಆ ಕಾಯಕದ ಪ್ರತಿಫಲವನ್ನು ಅವಳು ಬೇಡವೆನ್ನಲಿಲ್ಲವೆಂಬುದನ್ನೂ ಗಮನಿಸಬೇಕು. ಸಂಶೋಧಕರು ಸಂಬಳ ಪಡೆದರೆ, ಕಂಪನಿಯು ಲಾಭ ಮಾಡಿದರೆ ಅದರಲ್ಲಿಯೇ ದೋಷವನ್ನು ಹುಡುಕುವುದು ಸರಿಯಲ್ಲ. ಇನ್ಸುಲಿನ್ ಕಂಡುಹಿಡಿದ ಬ್ಯಾಂಟಿಂಗ್, ಬೆಸ್ಟ್, ಕಾಲಿಪ್ ಎಂಬವರು ತಮ್ಮ ಹಕ್ಕನ್ನು 1923ರಲ್ಲಿ ಒಂದೊಂದು ಡಾಲರಿಗೆ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು. ಅದು ದಾಸೋಹದ ಎತ್ತರ, ಎಲ್ಲರಿಂದಲೂ ಕೇಳಬಹುದಾದದ್ದಲ್ಲ. ತಿಳಿಯದುದನ್ನು ತಿಳಿದೆನೆಂದು ಮಾರಬಾರದೆಂಬುದನ್ನಾದರೋ ಎಲ್ಲರಿಂದಲೂ ಕೇಳಲೇಬೇಕು.

ಹೊಣೆಯು ಕಂಡುಹಿಡಿದವರಲ್ಲಿಯೇ ಮುಗಿಯುವುದೂ ಇಲ್ಲ. ಯಂತ್ರದ ಮಿತಿಗಳನ್ನು ಬರೆದ ಕಾಗದವು ಡಬ್ಬಿಯೊಳಗೆ ಇರುವುದು ನಿಜ. ಅದು ಬಹುಮಟ್ಟಿಗೆ ಇಂಗ್ಲಿಷಿನಲ್ಲಿ, ಇರುವೆಯ ಸಾಲಿನಂಥ ಅಕ್ಷರಗಳಲ್ಲಿ ಇರುತ್ತದೆ. ಓದಲಾರದ ಭಾಷೆಯಲ್ಲಿ ಹೇಳಿದ ಸತ್ಯವನ್ನು ಹೇಳಿದಂತಾಯಿತೇ? ತಮ್ಮ ಅನುಭಾವವನ್ನು ಹೆಣ್ಣುಮಕ್ಕಳೂ ಕೆಲಸದವರೂ ಅರಿಯುವ ಕನ್ನಡದಲ್ಲಿಯೇ ನುಡಿಯಬೇಕೆಂದು ಹಿಡಿದ ಶರಣರ ನಾಡಿನಲ್ಲಿ ಈ ಪ್ರಶ್ನೆ ಏಳದಿದ್ದರೆ ಆಶ್ಚರ್ಯ. ರಬಕವಿಯ ಮಗ್ಗದ ಮನೆಯಲ್ಲಿ ಸಕ್ಕರೆಯ ಯಂತ್ರವನ್ನು ಕೊಂಡುತಂದ ಮಗನು ತಾಯಿಯ ಬೆರಳನ್ನು ಚುಚ್ಚುವಾಗ ಮೂರು ಸಂಗತಿಗಳನ್ನು ಅರಿತಿರಬೇಕಾಗುತ್ತದೆ: ಬೆಲ್ಲ ಮುಟ್ಟಿದ ಬೆರಳನ್ನು ತೊಳೆಯದಿದ್ದರೆ ಅಂಕಿಯು ಸುಳ್ಳಾಗಿ ಏರಬಹುದು, ಅನುಮಾನ ಬಂದರೆ ಇನ್ನೊಮ್ಮೆ ನೋಡಬೇಕು, ಆಸ್ಪತ್ರೆಯ ಪ್ರಯೋಗಶಾಲೆಯ ಅಳತೆಯೊಡನೆ ಹೋಲಿಸಬೇಕು, ತೇವ ತಗುಲಿದ ಪಟ್ಟಿ ಕೆಡುತ್ತದೆ, ಆದುದರಿಂದ ಡಬ್ಬಿಯ ಮುಚ್ಚಳವನ್ನು ಒಡನೆಯೇ ಮುಚ್ಚಬೇಕು. ಮುಚ್ಚಳ ತೆರೆದ ಮೇಲೆ ಪಟ್ಟಿಗಳು ಕೆಲವು ತಿಂಗಳು ಮಾತ್ರ ಬಾಳುವಂಥವೂ ಉಂಟು. ಅನೇಕ ಡಬ್ಬಿಗಳ ಮೇಲೆ, ತೆರೆದ ದಿನಾಂಕವನ್ನು ಬರೆದಿಡುವುದಕ್ಕೆಂದು, ಬೆರಳಗಲದ ಬರಿದಾದ ಜಾಗವೊಂದನ್ನು ಬಿಟ್ಟಿರುತ್ತಾರೆ. ಮನೆಮನೆಗಳಲ್ಲಿ ಆ ಜಾಗವು ಬರಿದಾಗಿಯೇ ಉಳಿಯುತ್ತದೆ. ಅದು ಏತಕ್ಕಿದೆಯೆಂದು ಕೊಟ್ಟವರು ಹೇಳಿರುವುದಿಲ್ಲ.